ಫ್ರೆಂಚ್ ಪ್ರೆಸ್ ಕೊಳ್ಳುವ ಮುನ್ನ

ಮೈಸೂರಿನ ಸೋದರಿಯೊಬ್ಬರು ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅವರ ಯಜಮಾನರು ಕೆಲಸದಿಂದ ನಿವೃತ್ತರಾಗಿ ಎರಡು ವರ್ಷವಾಯಿತಂತೆ. ಈಚೆಗೆ ರಕ್ತಪರೀಕ್ಷೆ ಮಾಡಿಸಿದಾಗ ಕೊಲೆಸ್ಟರಾಲ್ ಮಿತಿಮೀರಿರುವುದು ತಿಳಿದುಬಂದು, ಕೆನೆಹಾಲಿನ ಕಾಫಿಯನ್ನು ಬಿಡಬೇಕೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದಾರೆ. ದಿನಕ್ಕೆ ನಾಲ್ಕು ಲೋಟ ಕಾಫಿಯ ಬಲದ ಮೇಲೆ ಮೂವತ್ತೈದು ವರ್ಷ ಕಚೇರಿಯ ಕಡತಗಳನ್ನು ಎದುರಿಸಿದ ಮನುಷ್ಯನಿಗೆ ಇದು ಸಣ್ಣ ಶಿಕ್ಷೆಯಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗಳು, ಹಾಲಿಲ್ಲದ ಕಾಫಿಗೆ ಫ್ರೆಂಚ್ ಪ್ರೆಸ್ಸಿನಂಥ ಸಾಧನ ಬೇರೊಂದಿಲ್ಲ, ಅಪ್ಪನಿಗೆ ಅದನ್ನೇ ಕೊಡಿಸಿ ಎಂದು ಸೂಚಿಸಿದ್ದಾಳೆ. ಸೋದರಿ ಅಂಗಡಿಗೆ ಹೋಗಿ ನೋಡುತ್ತಾರೆ: ಗಾಜಿನದು, ಸ್ಟೀಲಿನದು, ಪಿಂಗಾಣಿಯದು, ಮೂರು ಕಪ್ಪಿನದು, ಎಂಟು ಕಪ್ಪಿನದು, ಹೀಗೆ ಹತ್ತಾರು ಬಗೆ! ಯಾವುದನ್ನು ಕೊಳ್ಳಲಿ? ಅತ್ತೆಯವರ ಕಾಲದಿಂದ ಮನೆಯಲ್ಲಿರುವ ಹಿತ್ತಾಳೆಯ ಫಿಲ್ಟರನ್ನು ಇನ್ನು ಅಟ್ಟಕ್ಕೆ ಹಾಕಬಹುದೆ? ಇವು ಅವರ ಪ್ರಶ್ನೆಗಳು.

ಇದೇ ಧಾಟಿಯ ಪತ್ರಗಳು ಬೇರೆ ಕೆಲವರಿಂದಲೂ ಬಂದಿರುವುದರಿಂದ ಈ ವಾರದ ಅಂಕಣವನ್ನೆಲ್ಲ ಇದಕ್ಕೇ ಮೀಸಲಿಟ್ಟಿದ್ದೇನೆ. ಕುಡಿಯುವವರು ಯಾರು, ಹೇಗೆ ಕುಡಿಯುತ್ತಾರೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡರೆ ಪಾತ್ರೆಯ ಆಯ್ಕೆ ಅರ್ಧ ಮುಗಿದಂತೆಯೇ. ಅಂಗಡಿಯವನು ಈ ಪ್ರಶ್ನೆಯನ್ನು ಕೇಳುವುದಿಲ್ಲ. ಕೇಳಿದರೆ ಅವನ ವ್ಯಾಪಾರ ಸಾಗದು.

ಈ ಪ್ರೆಸ್ ಎಂಬ ವಸ್ತುವಿನಲ್ಲಿ ಅಂಥ ಜಟಿಲವಾದ ಯಂತ್ರವೇನೂ ಇಲ್ಲ. ಕೊಳವೆಯಾಕಾರದ ಒಂದು ಹೂಜಿ, ಅದಕ್ಕೊಂದು ಮುಚ್ಚಳ, ಮುಚ್ಚಳದ ನಡುವಿನ ರಂಧ್ರದಲ್ಲಿ ಮೇಲೆ ಕೆಳಗೆ ಆಡುವ ಒಂದು ಸಲಾಕೆ, ಸಲಾಕೆಯ ತುದಿಗೆ ಹೂಜಿಯ ಒಳಸುತ್ತಿಗೆ ಸರಿಯಾಗಿ ಕೂರುವ ಜಾಲರಿಯ ಬಿಲ್ಲೆ. ಕಾಫಿಪುಡಿಯ ಮೇಲೆ ಬಿಸಿನೀರು ಸುರಿದು, ನಾಲ್ಕು ನಿಮಿಷ ನೆನೆಯಲು ಬಿಟ್ಟು, ಸಲಾಕೆಯನ್ನು ಮೆಲ್ಲನೆ ಒತ್ತಿದರೆ ಚರಟ ತಳ ಸೇರುತ್ತದೆ, ಕಾಫಿ ಮೇಲೆ ನಿಲ್ಲುತ್ತದೆ. ಅಷ್ಟೇ. ಹೆಸರಿನಲ್ಲಿ ಫ್ರಾನ್ಸ್ ಇರುವುದು ಪೂರಾ ಸುಳ್ಳೂ ಅಲ್ಲ, ಪೂರಾ ನಿಜವೂ ಅಲ್ಲ. 1852ರಲ್ಲಿ ಪ್ಯಾರಿಸ್ಸಿನ ಮೇಯರ್ ಮತ್ತು ಡೆಲ್ಫೋರ್ಜ್ ಎಂಬಿಬ್ಬರು ಈ ಬಗೆಯ ಒಂದು ಸಾಧನಕ್ಕೆ ಹಕ್ಕುಪತ್ರ ಪಡೆದರು. ಆದರೆ ಅದಕ್ಕೆ ಇಂದಿನ ರೂಪ ಬರಲು 1929ರಲ್ಲಿ ಇಟಲಿಯ ಕಲಿಮಾನಿ ಮತ್ತು ಮೊನೆತಾ ಎಂಬವರು ಕೈಹಾಕಬೇಕಾಯಿತು. 1958ರಲ್ಲಿ ಫಾಲಿಯೇರೊ ಬೊಂಡಾನಿನಿ ಎಂಬಾತ ಅದನ್ನು ಮತ್ತಷ್ಟು ತಿದ್ದಿದ. ಅವನ ಪಾತ್ರೆ ಫ್ರಾನ್ಸಿನಲ್ಲಿ ಕ್ಲಾರಿನೆಟ್ ವಾದ್ಯಗಳನ್ನು ಮಾಡುತ್ತಿದ್ದ ಕಾರ್ಖಾನೆಯೊಂದರಲ್ಲಿ ತಯಾರಾಗುತ್ತಿತ್ತಂತೆ. ಊದುವ ವಾದ್ಯಕ್ಕೂ ಒತ್ತುವ ಪಾತ್ರೆಗೂ ಎಲ್ಲಿಯ ನಂಟೋ! ಇಂಗ್ಲೆಂಡಿನವರು ಇದನ್ನು ‘ಕಾಫೆತಿಯೇರ್’ ಎಂದೂ ಆಸ್ಟ್ರೇಲಿಯದವರು ‘ಪ್ಲಂಜರ್’ ಎಂದೂ ಕರೆಯುತ್ತಾರೆ.

ಇನ್ನು ನಮ್ಮ ಫಿಲ್ಟರಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ನೋಡೋಣ. ಫಿಲ್ಟರಿನಲ್ಲಿ ನೀರು ಒತ್ತಾಗಿ ಕುಳಿತ ಪುಡಿಯ ಮೂಲಕ ತೊಟ್ಟುತೊಟ್ಟಾಗಿ ಇಳಿಯುತ್ತದೆ. ದೊರೆಯುವುದು ಗಟ್ಟಿಯಾದ ಡಿಕಾಕ್ಷನ್. ಪ್ರೆಸ್ಸಿನಲ್ಲಿ ಪುಡಿ ನೀರಿನಲ್ಲಿ ಈಜಾಡುತ್ತ ನೆನೆಯುತ್ತದೆ. ದೊರೆಯುವುದು ನೇರವಾಗಿ ಕುಡಿಯಬಹುದಾದ ತೆಳುವಾದ ಕಾಫಿ. ಪ್ರೆಸ್ಸಿಗೆ ಒಪ್ಪುವ ಅಳತೆ ಲೀಟರು ನೀರಿಗೆ ಸುಮಾರು 60 ಗ್ರಾಂ, ಎಂದರೆ ಅರ್ಧ ಲೀಟರಿಗೆ 30 ಗ್ರಾಂ ಪುಡಿ. ಅದೇ 30 ಗ್ರಾಂ ಪುಡಿಗೆ ನಮ್ಮ ಮನೆಗಳ ಫಿಲ್ಟರಿನಲ್ಲಿ ಹಾಕುವ ನೀರು ಇದರ ಮೂರರಲ್ಲೊಂದು ಭಾಗವಿದ್ದರೆ ಹೆಚ್ಚು. ಆದಕಾರಣವೇ ಫಿಲ್ಟರಿನ ಡಿಕಾಕ್ಷನ್ ತನಗಿಂತ ಎರಡು ಪಾಲು ಹೆಚ್ಚು ಹಾಲನ್ನು ಹಾಕಿದರೂ ತನ್ನ ಗುಣವನ್ನು ಬಿಟ್ಟುಕೊಡುವುದಿಲ್ಲ. ಪ್ರೆಸ್ಸಿನ ಕಾಫಿಗೆ ಅಷ್ಟು ಹಾಲು ಸುರಿದರೆ ಲೋಟದಲ್ಲಿ ಉಳಿಯುವುದು ಬಣ್ಣಗೆಟ್ಟ ಹಾಲು ಮಾತ್ರ. ಬೆಲೆಬಾಳುವ ಪ್ರೆಸ್ಸುಗಳು ಎಷ್ಟೋ ಮನೆಗಳಲ್ಲಿ ಮೂರನೆಯ ವಾರಕ್ಕೆ ಗಾಜಿನ ಕಪಾಟನ್ನು ಸೇರಿ ಅಲಂಕಾರದ ವಸ್ತುವಾಗುವುದಕ್ಕೆ ಇದೇ ಕಾರಣ. ಹಾಲಿನ ಕಾಫಿಯೇ ಬೇಕೆನ್ನುವ ಸಂಸಾರಕ್ಕೆ ಪ್ರೆಸ್ ಬೇಡ. ಹಿತ್ತಾಳೆಯ ಫಿಲ್ಟರ್ ಇರುವಲ್ಲಿಯೇ ಇರಲಿ, ಸೋದರಿ; ಮನೆಯಲ್ಲಿ ಉಳಿದವರೆಲ್ಲ ಅದರ ಮಕ್ಕಳಲ್ಲವೆ?

ಹಾಲಿಲ್ಲದೆ, ಅಥವಾ ಒಂದು ಚಮಚೆಯಷ್ಟೇ ಹಾಲಿನೊಡನೆ ಕುಡಿಯುವ ಅಭ್ಯಾಸವುಳ್ಳವರಿಗೆ ಮಾತ್ರ ಪ್ರೆಸ್ಸಿನ ಕಾಫಿಯಲ್ಲಿ ನಿಜವಾದ ಸುಖವಿದೆ. ಕಾಫಿಬೀಜದ ಎಣ್ಣೆಯ ಅಂಶ ಅದರಲ್ಲಿ ಹಾಗೆಯೇ ಉಳಿಯುವುದರಿಂದ ಬಾಯಿಗೆ ಒಂದು ಬಗೆಯ ದುಂಡುತನ, ತುಂಬುತನ ತಿಳಿಯುತ್ತದೆ. ಈ ಎಣ್ಣೆಯ ವಿಚಾರವನ್ನು ಓದುಗರು ನೆನಪಿನಲ್ಲಿಟ್ಟುಕೊಂಡಿರಬೇಕು; ಮುಂದೆ ಅದಕ್ಕೆ ಮರಳಿ ಬರಬೇಕಾಗಿದೆ.

ಪಾತ್ರೆಗಿಂತ ಮೊದಲು ಪುಡಿ. ನನ್ನ ಅಭಿಪ್ರಾಯದಲ್ಲಿ ಪ್ರೆಸ್ ಕೊಳ್ಳುವವರು ಎಡವುವುದು ಇಲ್ಲಿಯೇ. ಮನೆಯ ಡಬ್ಬಿಯಲ್ಲಿರುವ ಕಾಫಿಪುಡಿಯನ್ನೇ ಪ್ರೆಸ್ಸಿಗೂ ಹಾಕಿದರಾಯಿತೆಂದು ಅವರು ಭಾವಿಸುತ್ತಾರೆ. ನಮ್ಮ ಫಿಲ್ಟರಿನ ಪುಡಿ ಚಿರೋಟಿ ರವೆಗಿಂತಲೂ ನಯವಾದುದು. ಜೊತೆಗೆ ಅದರಲ್ಲಿ ಚಿಕೋರಿ ಬೆರೆತಿರುತ್ತದೆ. ಚಿಕೋರಿ ಕಾಫಿಯ ಬೀಜವಲ್ಲ, ಹುರಿದ ಒಂದು ಬೇರು; ನೀರು ತಾಗಿದೊಡನೆ ಮೆತ್ತಗಾಗುವುದು ಅದರ ಸ್ವಭಾವ. ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಚಿಕೋರಿ ನೂರಕ್ಕೆ 49 ಭಾಗದವರೆಗೂ ಇರಬಹುದು. ಎಷ್ಟಿದೆಯೆಂಬುದನ್ನು ಪೊಟ್ಟಣದ ಮೇಲೆ ನಮೂದಿಸಬೇಕು. ಫಿಲ್ಟರಿನಲ್ಲಿ ನೀರು ನಿಧಾನವಾಗಿ ಇಳಿಯಲು ನಯವಾದ ಪುಡಿಯೂ ಚಿಕೋರಿಯೂ ಸಹಾಯವನ್ನೇ ಮಾಡುತ್ತವೆ. ಪ್ರೆಸ್ಸಿನಲ್ಲಾದರೋ ಈ ನಯವಾದ ಪುಡಿ ಜಾಲರಿಯ ಕಣ್ಣುಗಳಿಗೆ ಮೆತ್ತಿಕೊಂಡು ದಾರಿಯನ್ನೇ ಮುಚ್ಚಿಬಿಡುತ್ತದೆ.

ದಾರಿ ಮುಚ್ಚಿದಾಗ ಏನಾಗುತ್ತದೆ? ಸಲಾಕೆ ಇಳಿಯುವುದಿಲ್ಲ. ಒತ್ತುವವರು ಅಂಗೈಯ ಭಾರವನ್ನೆಲ್ಲ ಬಿಡುತ್ತಾರೆ. ಕೆಳಗೆ ಸಿಕ್ಕಿಕೊಂಡ ಕುದಿನೀರು ಬಿಲ್ಲೆಯ ಅಂಚಿನಲ್ಲಿ ಎಲ್ಲೋ ಒಂದೆಡೆ ಸಂದು ಮಾಡಿಕೊಂಡು ರಭಸದಿಂದ ಮೇಲಕ್ಕೆ ಚಿಮ್ಮುತ್ತದೆ. ಇಲ್ಲವೆ ಗಾಜು ವಾಲಿ ಉರುಳುತ್ತದೆ. ಹೀಗೆ ಮಣಿಕಟ್ಟನ್ನೂ ಎದೆಯನ್ನೂ ಸುಟ್ಟುಕೊಂಡವರು ಅನೇಕ ದೇಶಗಳಲ್ಲಿದ್ದಾರೆ. ಅಡಿಗೆಮನೆಯ ಕಟ್ಟೆಯಂಚಿಗೆ ಗಲ್ಲವೂರಿ ನೋಡುತ್ತ ನಿಲ್ಲುವ ಮಕ್ಕಳಿರುವ ಮನೆಯಲ್ಲಿ ಇದು ಹಗುರವಾಗಿ ಕಾಣುವ ಮಾತಲ್ಲ. ಎಷ್ಟೇ ಉತ್ತಮವಾದ ಪ್ರೆಸ್ಸಾಗಲಿ, ಒತ್ತುವಾಗ ಬಲ ಬೇಕೆನಿಸಿದರೆ ಅಲ್ಲಿಗೇ ನಿಲ್ಲಿಸಿ, ಸಲಾಕೆಯನ್ನು ಒಂದು ಬೆರಳಿನಷ್ಟು ಮೇಲಕ್ಕೆತ್ತಿ, ಪುನಃ ಮೆಲ್ಲನೆ ಇಳಿಸಬೇಕು. ಆಗಲೂ ಇಳಿಯದಿದ್ದರೆ ಆ ಹೊತ್ತಿನ ಕಾಫಿಯ ಆಸೆಯನ್ನು ಬಿಡುವುದೇ ಲೇಸು.

ಆದ್ದರಿಂದ ಪ್ರೆಸ್ಸಿಗೆ ಬೇಕಾದುದು ಚಿಕೋರಿ ಸೇರದ, ತರಿತರಿಯಾದ ಪುಡಿ. ಕಣ್ಣಂದಾಜಿಗೆ ಹೇಳುವುದಾದರೆ ಉಪ್ಪಿಟ್ಟಿನ ರವೆಯ ಹದ. ಎದುರಿಗೇ ಹುರಿದು ಬೀಸಿಕೊಡುವ ಕಾಫಿಪುಡಿಯ ಅಂಗಡಿಗಳು ನಮ್ಮ ಊರುಗಳಲ್ಲಿ ಇನ್ನೂ ಉಳಿದಿರುವುದು ನಮ್ಮ ಭಾಗ್ಯ. ಅಂಥಲ್ಲಿ ಹೋಗಿ, ಚಿಕೋರಿ ಬೇಡ, ಪ್ರೆಸ್ಸಿಗೆ ಬೇಕು, ದಪ್ಪಗೆ ಬೀಸಿಕೊಡಿ ಎಂದರೆ ಸಾಕು. ಪ್ಲಾಂಟೇಷನ್ ಎ ಅಥವಾ ಪೀಬೆರಿ ಬೀಜವನ್ನು ಕೇಳಬಹುದು. ಯಂತ್ರದಲ್ಲಿ ಹಿಂದಿನವರ ನಯವಾದ ಪುಡಿ ಉಳಿದಿದ್ದರೆ ಅದನ್ನು ಮೊದಲು ಕೊಡವಿಸಿಕೊಳ್ಳಿ. ಒಮ್ಮೆಗೆ ನೂರು ಗ್ರಾಮಿಗಿಂತ ಹೆಚ್ಚು ಬೀಸಿಸಬೇಡಿ. ಬೀಸಿದ ಪುಡಿಯ ಪರಿಮಳ ದಿನದಿನಕ್ಕೂ ಕುಂದುತ್ತದೆ, ಹಾಲಿಲ್ಲದ ಕಾಫಿಯಲ್ಲಿ ಆ ಕೊರತೆ ಮರೆಯಾಗದು. ದೇಶದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟನ್ನು ಬೆಳೆಯುವ ನಾಡು ನಮ್ಮದು. ಅದರ ಹೆಚ್ಚಿನ ಪಾಲು ಹಡಗು ಹತ್ತಿ ಇಟಲಿ ಮೊದಲಾದ ದೇಶಗಳಿಗೆ ಹೋಗಿಬಿಡುತ್ತದೆ. ಈಗೀಗ ಚಿಕ್ಕಮಗಳೂರು, ಕೊಡಗುಗಳ ಒಂದೊಂದು ತೋಟದ ಬೀಜವೂ ಬೇರೆಬೇರೆಯಾಗಿ ನಮ್ಮ ಪಟ್ಟಣಗಳ ಅಂಗಡಿಗಳಲ್ಲಿ ದೊರೆಯತೊಡಗಿರುವುದು ಸಂತೋಷದ ಸಂಗತಿ. ಬಾಬಾ ಬುಡನ್ ತಂದನೆನ್ನುವ ಏಳು ಬೀಜಗಳ ರುಚಿ ಏನಿದ್ದಿರಬಹುದೆಂದು ಹಾಲಿನ ನೆರವಿಲ್ಲದೆ ಊಹಿಸುವ ಅವಕಾಶ ನಮಗೆ ಈಗ ಬಂದಿದೆಯೆನ್ನಬಹುದು.

ಪುಡಿ ಗೊತ್ತಾಯಿತು, ಈಗ ಪಾತ್ರೆ. ಮೊದಲು ಅಳತೆಯ ಮೋಸವನ್ನು ತಿಳಿದಿರಬೇಕು. ಪೆಟ್ಟಿಗೆಯ ಮೇಲೆ ಬರೆದ ‘ಕಪ್ಪು’ ಸುಮಾರು 125 ಮಿಲಿಲೀಟರಿನದು. ಎಂಟು ಕಪ್ಪಿನ ಪ್ರೆಸ್ ಎಂದರೆ ಒಂದು ಲೀಟರ್, ನಾಲ್ಕು ಕಪ್ಪಿನದು ಅರ್ಧ ಲೀಟರ್, ಮೂರು ಕಪ್ಪಿನದು 350 ಮಿಲಿಲೀಟರ್. ಹಾಲಿಲ್ಲದ ಕಾಫಿಯನ್ನು ಜನ ದೊಡ್ಡ ಮಗ್ಗುಗಳಲ್ಲಿ ಕುಡಿಯುವುದರಿಂದ ಎಂಟು ಕಪ್ಪಿನದು ನಾಲ್ವರಿಗೆ, ನಾಲ್ಕು ಕಪ್ಪಿನದು ಇಬ್ಬರಿಗೆ ಎಂದು ಲೆಕ್ಕ ಹಾಕಿಕೊಳ್ಳಬೇಕು. ನೆಂಟರು ಬಂದಾರೆಂದು ದೊಡ್ಡದನ್ನೇ ಕೊಂಡು ಒಬ್ಬರಿಗಾಗಿ ತಳದಲ್ಲಿಷ್ಟು ನೀರು ಹಾಕುವುದು ಪ್ರಯೋಜನವಿಲ್ಲ. ಒತ್ತಿದಾಗ ಕಾಫಿಯ ಒಳ್ಳೆಯ ಪಾಲು ಬಿಲ್ಲೆಯ ಕೆಳಗೇ ಉಳಿದುಬಿಡುತ್ತದೆ. ನಮ್ಮ ಸಂಸಾರಗಳಲ್ಲಿ ಹಾಲಿಲ್ಲದ ಕಾಫಿ ಕುಡಿಯುವವರು ಸಾಮಾನ್ಯವಾಗಿ ಒಬ್ಬರೋ ಇಬ್ಬರೋ. ಅವರಿಗೆ ಅರ್ಧ ಲೀಟರಿನದು ಧಾರಾಳವಾಯಿತು.

ಗಾಜೋ ಸ್ಟೀಲೋ ಎಂಬ ವಿವಾದ ದೊಡ್ಡದು. ಗಾಜಿನದಾದರೆ ಬೊರೋಸಿಲಿಕೇಟ್ ಗಾಜೇ ಆಗಿರಬೇಕು. ಜರ್ಮನಿಯ ಆಟೋ ಶಾಟ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದ, ಪ್ರಯೋಗಶಾಲೆಗಳ ಕೊಳವೆಗಳಲ್ಲಿ ನಾವೆಲ್ಲ ಕಂಡಿರುವ ಗಾಜು ಇದು. ಬಿಸಿ ತಾಗಿದಾಗ ಸಾಧಾರಣ ಗಾಜು ಹಿಗ್ಗುವುದರ ಮೂರರಲ್ಲೊಂದು ಭಾಗ ಮಾತ್ರ ಇದು ಹಿಗ್ಗುತ್ತದೆ; ಆದಕಾರಣ ಕುದಿನೀರಿಗೆ ಸೀಳುವುದಿಲ್ಲ. ಸೀಳುವುದಿಲ್ಲವೆಂದರೆ ಒಡೆಯುವುದಿಲ್ಲವೆಂದಲ್ಲ. ತೊಳೆಯುವಾಗ ನಲ್ಲಿಯ ಮೂತಿಗೆ ತಗುಲಿದರೆ ಅದೂ ಎಲ್ಲ ಗಾಜುಗಳ ಹಾದಿಯನ್ನೇ ಹಿಡಿಯುತ್ತದೆ. ಆದಕಾರಣ ಅದೇ ಅಳತೆಯ ಬಿಡಿ ಗಾಜು ಬೇರೆಯಾಗಿ ಸಿಗುತ್ತದೆಯೆ ಎಂದು ಕೊಳ್ಳುವಾಗಲೇ ಕೇಳಿ. ಸಿಗದೆಂದರೆ, ಗಾಜು ಒಡೆದ ದಿನವೇ ಉಳಿದ ಚೌಕಟ್ಟು, ಸಲಾಕೆ, ಮುಚ್ಚಳಗಳೆಲ್ಲ ಹಳೆಯ ಸಾಮಾನಿನವನ ಪಾಲು.

ಎರಡು ಪದರದ ಸ್ಟೀಲಿನ ಪ್ರೆಸ್ ಒಡೆಯದು, ಬಿಸಿಯನ್ನೂ ಬಹು ಹೊತ್ತು ಕಾಯುತ್ತದೆ. ಅಂಗಡಿಯವರು ಈ ಎರಡನೆಯ ಗುಣವನ್ನೇ ಹಾಡಿ ಹೊಗಳುತ್ತಾರೆ. ನನಗೆ ಅದು ಅಷ್ಟು ದೊಡ್ಡ ಗುಣವೆಂದು ತೋರುವುದಿಲ್ಲ. ಒತ್ತಿದ ಮೇಲೂ ಕಾಫಿ ಚರಟದ ಸಂಗದಲ್ಲಿಯೇ ಇರುವುದರಿಂದ ಕಾಲ ಕಳೆದಂತೆಲ್ಲ ಕಹಿ ಏರುತ್ತದೆ. ಬಿಸಿಯಾಗಿ ಕಹಿಯಾದ ಕಾಫಿ ತಣ್ಣಗೆ ಕಹಿಯಾದ ಕಾಫಿಗಿಂತ ಮೇಲೇನಲ್ಲ. ಒತ್ತಿದೊಡನೆ ಎಲ್ಲವನ್ನೂ ಬಗ್ಗಿಸಿಕೊಂಡು, ಉಳಿದುದನ್ನು ಫ್ಲಾಸ್ಕಿಗೆ ಹಾಕಿದರೆ ಗಾಜಿನ ಪಾತ್ರೆಯೂ ಅಷ್ಟೇ ಉಪಕಾರಿ. ಚಿಕ್ಕ ಮಕ್ಕಳಿರುವ ಮನೆಗೂ, ಕೈ ನಡುಗುವ ಹಿರಿಯರು ತಾವೇ ಕಾಫಿ ಮಾಡಿಕೊಳ್ಳುವ ಮನೆಗೂ ಒಡೆಯದಿರುವುದು ಒಂದೇ ಸಾಕಾದ ಕಾರಣ. ಅಂಥವರು ಸ್ಟೀಲಿನದನ್ನೇ ಆರಿಸಿಕೊಳ್ಳಲಿ. ಪಿಂಗಾಣಿಯದು ನೋಡಲು ಚೆಂದ, ಹೆಚ್ಚು ಹೇಳಬೇಕಾದುದಿಲ್ಲ.

ಯಾವುದೇ ಆಗಲಿ, ಅಂಗಡಿಯಲ್ಲಿ ಪೆಟ್ಟಿಗೆಯಿಂದ ತೆಗೆಸಿ ಕೈಯಲ್ಲಿ ಹಿಡಿದು ನೋಡಬೇಕು. ಸಂಕೋಚಪಡಬೇಡಿ; ಸೀರೆಯ ಸೆರಗನ್ನು ಬಿಡಿಸಿ ನೋಡದೆ ನೀವು ಕೊಳ್ಳುತ್ತೀರಾ? ಬರಿಯ ಪಾತ್ರೆಯಲ್ಲಿ ಸಲಾಕೆಯನ್ನು ಮೇಲಿನಿಂದ ತಳದವರೆಗೆ ಆಡಿಸಿ. ಬಿಲ್ಲೆಯ ಅಂಚು ಸುತ್ತಲೂ ಗೋಡೆಗೆ ಸಮನಾಗಿ ತಾಗುತ್ತಿರಬೇಕು. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲವಾಗಿದ್ದರೆ ಚರಟವೆಲ್ಲ ಆ ಸಡಿಲದಿಂದಲೇ ಮೇಲೇರುತ್ತದೆ. ಅನಂತರ ಬಿಲ್ಲೆಯನ್ನು ತಿರುಪಿ ಬಿಚ್ಚಿ ನೋಡಿ. ತಳದ ತಟ್ಟೆ, ನಡುವಿನ ಜಾಲರಿ, ಮೇಲಿನ ತಟ್ಟೆ, ಸುತ್ತಿನ ಸುರುಳಿತಂತಿ, ಇವು ಬರಿಗೈಯಿಂದಲೇ ಬಿಡಿಯಾಗಿ ಬರಬೇಕು, ಬರಿಗೈಯಿಂದಲೇ ಕೂಡಬೇಕು. ಬಿಚ್ಚಲು ಬಾರದ ಬಿಲ್ಲೆಯನ್ನು ತೊಳೆಯಲು ಬಾರದು. ಅದರ ಎಡೆಯಲ್ಲಿ ಕುಳಿತ ಎಣ್ಣೆ ನಾಲ್ಕು ದಿನಕ್ಕೆ ಕಮಟು ವಾಸನೆ ಹಿಡಿಯುತ್ತದೆ. ಜಾಲರಿಯ ಅಂಚಿನಲ್ಲಿ ತಂತಿಯ ಎಳೆಗಳು ಎದ್ದಿರಬಾರದು. ಹಿಡಿಯನ್ನು ಗಾಜಿಗಲ್ಲದೆ ಲೋಹದ ಚೌಕಟ್ಟಿಗೆ ಭದ್ರವಾಗಿ ಜೋಡಿಸಿರಬೇಕು. ಮೂತಿಯ ಅಂದ, ಸಲಾಕೆಯ ಗುಂಡಿನ ಬಣ್ಣ ಮುಂತಾದುವು ನಿಮ್ಮ ಇಷ್ಟ.

ಈಗ ಮೈಸೂರಿನ ಸೋದರಿಯ ಪ್ರಶ್ನೆಗೆ ಬರುತ್ತೇನೆ. ಮೇಲೆ ಎಣ್ಣೆಯ ವಿಚಾರವನ್ನು ನೆನಪಿಡಲು ಹೇಳಿದ್ದೆನಷ್ಟೆ. ಕಾಫಿಬೀಜದ ಎಣ್ಣೆಯಲ್ಲಿ ಕ್ಯಾಫೆಸ್ಟಾಲ್ ಮತ್ತು ಕಾವಿಯಾಲ್ ಎಂಬ ಎರಡು ವಸ್ತುಗಳಿವೆ. ಇವು, ಅದರಲ್ಲಿಯೂ ಮೊದಲನೆಯದು, ರಕ್ತದಲ್ಲಿನ ಕೊಲೆಸ್ಟರಾಲನ್ನು ಏರಿಸುತ್ತವೆ. ಕಾಗದದ ಸೋಸುಹಾಳೆಯಲ್ಲಿ ಕಾಫಿ ಇಳಿಸಿದರೆ ಈ ಎಣ್ಣೆಯನ್ನು ಬಹುಮಟ್ಟಿಗೆ ಕಾಗದವೇ ಹಿಡಿದಿಡುತ್ತದೆ. ಪ್ರೆಸ್ಸಿನ ಲೋಹದ ಜಾಲರಿ ಅದನ್ನು ತಡೆಯಲಾರದು. 1996ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ನೆದರ್‌ಲೆಂಡ್ಸಿನ ವಿಜ್ಞಾನಿಗಳ ಒಂದು ಪ್ರಯೋಗ ಪ್ರಕಟವಾಯಿತು. ಆರೋಗ್ಯವಂತರಾದ ಕೆಲವರಿಗೆ ಪ್ರೆಸ್ಸಿನ ಕಾಫಿಯನ್ನೂ, ಉಳಿದವರಿಗೆ ಕಾಗದದಲ್ಲಿ ಸೋಸಿದ ಕಾಫಿಯನ್ನೂ ದಿನಕ್ಕೆ ಐದಾರು ಕಪ್ಪುಗಳಂತೆ ಸುಮಾರು ಆರು ತಿಂಗಳ ಕಾಲ ಕುಡಿಸಿದರು. ಪ್ರೆಸ್ಸಿನ ಕಾಫಿ ಕುಡಿದವರಲ್ಲಿ ಕೆಟ್ಟ ಕೊಲೆಸ್ಟರಾಲೆಂದು ಹೆಸರಾದ ಎಲ್‌ಡಿಎಲ್ ಅಂಶ ನೂರಕ್ಕೆ ಹತ್ತರ ಆಸುಪಾಸಿನಲ್ಲಿ ಏರಿತು. ಕುಡಿಯುವುದನ್ನು ನಿಲ್ಲಿಸಿದ ಮೇಲೆ ಇಳಿಯಿತು.

ಎಂದರೆ ಕೊಲೆಸ್ಟರಾಲಿನ ಭಯದಿಂದ ಹಾಲನ್ನು ಬಿಟ್ಟ ಮನುಷ್ಯನ ಕೈಗೆ ಪ್ರೆಸ್ಸನ್ನು ಕೊಟ್ಟು, ದಿನಕ್ಕೆ ನಾಲ್ಕು ಸಲ ಒತ್ತಿಕೊಳ್ಳಿ ಎನ್ನುವುದು ಮುಂಬಾಗಿಲನ್ನು ಭದ್ರಪಡಿಸಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತೆ. ಮಗಳ ಸಲಹೆಯಲ್ಲಿ ಪ್ರೀತಿಗೇನೂ ಕೊರತೆಯಿಲ್ಲ. ಹಾಲಿಲ್ಲದ ಕಾಫಿಯೆಂದರೆ ನಿರಪಾಯಕರವೆಂದು ಓದುಬಲ್ಲವರೂ ನಂಬಿದ್ದಾರೆ. ಸೋದರಿ, ನಿಮ್ಮ ಯಜಮಾನರಿಗೆ ಪ್ರೆಸ್ ಬೇಡ. ಪಿಂಗಾಣಿಯದೋ ಗಾಜಿನದೋ ಒಂದು ಲಾಳಿಕೆಯೂ ಅದಕ್ಕೊಪ್ಪುವ ಕಾಗದದ ಸೋಸುಹಾಳೆಗಳ ಕಟ್ಟೂ ಕಡಿಮೆ ಖರ್ಚಿನಲ್ಲಿ ದೊರೆಯುತ್ತವೆ. ಅದನ್ನು ಮಗ್ಗಿನ ಮೇಲಿಟ್ಟು, ಚಿಕೋರಿಯಿಲ್ಲದ ಪುಡಿಯನ್ನು ಚಿರೋಟಿ ರವೆಗಿಂತ ತುಸು ದಪ್ಪಗೆ ಬೀಸಿಸಿ ಹಾಕಿ, ಬಿಸಿನೀರನ್ನು ಸುತ್ತುಸುತ್ತಾಗಿ ಸುರಿದರೆ ಮೂರು ನಾಲ್ಕು ನಿಮಿಷದಲ್ಲಿ ತಿಳಿಯಾದ ಕಾಫಿ ಇಳಿಯುತ್ತದೆ. ಪ್ರೆಸ್ಸಿನ ತುಂಬುತನ ಅದಕ್ಕಿಲ್ಲ. ಆದರೆ ಪರಿಮಳ ಇನ್ನೂ ಸ್ಪಷ್ಟ. ದಿನಕ್ಕೆ ಎಷ್ಟು ಲೋಟವೆಂಬುದನ್ನು ಅವರ ವೈದ್ಯರೇ ಹೇಳಲಿ. ಕಾಫಿಯನ್ನು ಹೇಗೆ ಇಳಿಸುತ್ತೀರೆಂಬುದನ್ನು ವೈದ್ಯರಿಗೆ ತಿಳಿಸುವುದನ್ನು ಮಾತ್ರ ಮರೆಯಬೇಡಿ.

ಕೊಲೆಸ್ಟರಾಲಿನ ತೊಂದರೆಯಿಲ್ಲದೆ ದಿನಕ್ಕೊಂದು ಕಪ್ಪನ್ನು ಸವಿಯುವವರು ಈ ವೃತ್ತಾಂತದಿಂದ ಹೆದರಬೇಕಾದುದಿಲ್ಲ. ಮಗಳಿಗೆ ಬೇಕಾದರೆ ಅರ್ಧ ಲೀಟರಿನ ಗಾಜಿನ ಪ್ರೆಸ್ಸನ್ನು ಅಗತ್ಯವಾಗಿ ಕೊಡಿಸಿ. ಬಳಸುವ ಕ್ರಮವನ್ನು ಇಲ್ಲಿಯೇ ಬರೆದುಬಿಡುತ್ತೇನೆ. ಪಾತ್ರೆಯನ್ನು ಮೊದಲು ಬಿಸಿನೀರಿನಿಂದ ಗಲಬರಿಸಿ ಬೆಚ್ಚಗೆ ಮಾಡಿಕೊಂಡು, 30 ಗ್ರಾಂ ತರಿಪುಡಿ ಹಾಕಿ. ನೀರು 92ರಿಂದ 96 ಡಿಗ್ರಿಯಷ್ಟು ಬಿಸಿಯಿರಬೇಕೆನ್ನುತ್ತಾರೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೊಂದು ಡಿಗ್ರಿ ಕಡಿಮೆ. ಒಲೆಯಿಂದ ಇಳಿಸಿ ಗುಳ್ಳೆ ಅಡಗಿದೊಡನೆ ಸುರಿದರೆ ಥರ್ಮಾಮೀಟರಿನ ಹಂಗಿಲ್ಲ. ಮಂಗಳೂರಿನವರು ಅರ್ಧ ನಿಮಿಷ ಹೆಚ್ಚು ಕಾಯಲಿ. ನೀರು ಸುರಿದ ಮೇಲೆ ಮರದ ಸೌಟಿನಿಂದ ಒಮ್ಮೆ ಕದಡಿ, ಸಲಾಕೆಯನ್ನು ಮೇಲೆತ್ತಿದಂತೆಯೇ ಮುಚ್ಚಳವಿಟ್ಟು, ನಾಲ್ಕು ನಿಮಿಷ ಬಿಟ್ಟು, ಒಂದೇ ಸಮನೆ ಮೆಲ್ಲಗೆ ಒತ್ತಿ. ಕಪ್ಪಿನ ಕೊನೆಯ ಗುಟುಕಿನಲ್ಲಿ ನಯವಾದ ಗಸಿ ಕೂತಿರುತ್ತದೆ; ಅದನ್ನು ಕುಡಿಯಬಾರದು. ಚರಟವನ್ನು ಬಚ್ಚಲ ಮೋರಿಗೆ ಸುರಿದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಹಳೆಯ ಜರಡಿಯೊಂದರಲ್ಲಿ ಬಗ್ಗಿಸಿ, ನೀರು ಬಸಿದ ಮೇಲೆ ಎಲೆಗೊಬ್ಬರದ ಗುಂಡಿಗೆ ಹಾಕಿಬಿಡಿ. ವಾರಕ್ಕೊಮ್ಮೆಯಾದರೂ ಬಿಲ್ಲೆಯನ್ನು ಪೂರ್ತಿ ಬಿಚ್ಚಿ ಸೋಪಿನ ನೀರಿನಲ್ಲಿ ಉಜ್ಜಿ, ಒಣಗಿಸಿ, ತಟ್ಟೆ ಜಾಲರಿಗಳ ಅನುಕ್ರಮ ತಪ್ಪದಂತೆ ಜೋಡಿಸಬೇಕು.